‘ಸುಳ್ಳು ಹೇಳಿ ಕರಕೊಂಡು ಹೋದಿ, ಅಕ್ಕಾ’

ಪ್ರಶ್ನೆ: ನಾನು ಗಂಗಾವತಿಯವಳು. ತಮ್ಮನಿಗೆ 24 ವರ್ಷ, ರೈಸ್‌ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದ. ಕಿವಿಯಲ್ಲಿ ಯಾರೋ ಬೈಯುತ್ತಾರೆ, ರೊಟ್ಟಿಯಲ್ಲಿ ವಿಷ ಹಾಕಿದ್ದಾರೆ ಎಂದು ಊಟವನ್ನೇ ಬಿಟ್ಟ. ಕೆಲಸದ ಸಂದರ್ಶನ ಇದೆ ಎಂದು ಸುಳ್ಳು ಹೇಳಿ ಧಾರವಾಡದ ಆಸ್ಪತ್ರೆಗೆ ಸೇರಿಸಿದೆ. ಮಾರ್ಕ್ಸ್‌ಕಾರ್ಡ್ ಫೈಲು ಹಿಡಿದುಕೊಂಡೇ ಬಂದಿದ್ದ. ಈಗ ಚೇತರಿಸಿಕೊಂಡು ಮನೆಗೆ ಬಂದಿದ್ದಾನೆ. ‘ಸುಳ್ಳು ಹೇಳಿ ಕರಕೊಂಡು ಹೋದಿ’ ಎಂದವನು ಆಮೇಲೆ ನನ್ನ ಜೊತೆ ಮಾತೇ ಆಡಿಲ್ಲ. ಇಡೀ ದಿನ ತೂಕಡಿಸುತ್ತಾನೆಂದು ಅವ್ವ ಮಾತ್ರೆ ನಿಲ್ಲಿಸೋಣ ಅನ್ನುತ್ತಾಳೆ. ನಾನು ಮಾಡಿದ್ದು ತಪ್ಪೇ?

ಉತ್ತರ: ಸೋದರಿ, ಆಸ್ಪತ್ರೆಗೆ ಸೇರಿಸಿದ್ದು ತಪ್ಪಲ್ಲ. ಊಟ ಬಿಟ್ಟವನನ್ನು ಹಾಗೇ ನೋಡುತ್ತ ಕೂರಲು ಯಾವ ಅಕ್ಕನಿಗೂ ಆಗುವುದಿಲ್ಲ. ಆದರೆ ಎಲ್ಲರೂ ತನ್ನ ವಿರುದ್ಧ ಸಂಚು ಮಾಡುತ್ತಿದ್ದಾರೆ ಎಂದು ನಂಬಿದ್ದ ಹುಡುಗ ಅವನು. ಫೈಲು ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಾಗ ಆ ಸಂಚು ಅವನ ಪಾಲಿಗೆ ನಿಜವೇ ಆಯಿತು. ಅವನಿಗೆ ಇನ್ನೂ ಚುಚ್ಚುತ್ತಿರುವುದು ಅದು.

ಹೋಗಿ ಹೇಳಿ: ‘ಸುಳ್ಳು ಹೇಳಿದ್ದು ನಂದು ತಪ್ಪಾತು. ಹೆದರಿದ್ದೆ. ಇನ್ನು ಸುಳ್ಳು ಹೇಳಂಗಿಲ್ಲ.’ ಅಷ್ಟು ಸಾಕು. ‘ನಿನ್ನ ಒಳ್ಳೇದಕ್ಕ ಮಾಡಿದ್ದು’ ಎಂದು ಮಾತ್ರ ಸೇರಿಸಬೇಡಿ, ಆಡಿದ ಕ್ಷಮೆಯೆಲ್ಲ ನೀರುಪಾಲಾಗುತ್ತದೆ. ಅವನು ಉತ್ತರ ಕೊಡದಿದ್ದರೆ ಕಾಯಿರಿ.

ಕಾಯಿಲೆ ಮರುಕಳಿಸಿದರೆ ಏನು ಮಾಡಬೇಕೆಂದು, ಅವನು ನೆಟ್ಟಗಿರುವ ಈಗಲೇ ಅವನನ್ನೇ ಕೇಳಿ. ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ನಿರ್ಧರಿಸಬೇಕು ಎಂದು ಮುಂಗಡವಾಗಿ ಬರೆದಿಡುವ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಕೊಟ್ಟಿದೆ. ಬರೆಯುವ ಕ್ರಮವನ್ನು ಡಾಕ್ಟರ್ ಬಳಿ ಕೇಳಿ. ನಿಮ್ಮ ಬದಲು ಗೆಳೆಯನ ಹೆಸರು ಬರೆದರೆ ಬರೆಯಲಿ, ನೊಂದುಕೊಳ್ಳಬೇಡಿ. ಅರಿವಳಿಕೆ ಇಲ್ಲದೆ ಕರೆಂಟ್ ಕೊಡುವಂತಿಲ್ಲ, ಸರಪಳಿ ಹಾಕುವಂತಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಇದು ಅವನ ಕಿವಿಗೂ ಬೀಳಲಿ.

ಅವ್ವನ ಸಂಕಟವೂ ಸುಳ್ಳಲ್ಲ. ದುಡಿಯುವ ಮಗ ಹಗಲೆಲ್ಲ ತೂಕಡಿಸಿದರೆ ಯಾವ ತಾಯಿಗೆ ನೋಡಲಾದೀತು? ಅದು ಸೋಮಾರಿತನವಲ್ಲ, ಮಾತ್ರೆಯ ಅಡ್ಡ ಪರಿಣಾಮ. ಡಾಕ್ಟರಿಗೆ ಹೇಳಿದರೆ ಪ್ರಮಾಣ ತಗ್ಗಿಸಬಹುದು, ರಾತ್ರಿ ಹೊತ್ತಿಗೆ ಹಾಕಬಹುದು, ಬೇರೆ ಮಾತ್ರೆಯನ್ನೇ ಕೊಡಬಹುದು. ನೀವಾಗಿಯೇ ನಿಲ್ಲಿಸಿದರೆ ಮೊದಮೊದಲು ಹುಡುಗ ಚುರುಕಾಗಿ ಕಾಣುತ್ತಾನೆ. ಎಷ್ಟೋ ಮನೆಯವರು ಮೋಸಹೋಗುವುದು ಅಲ್ಲಿಯೇ. ವಾರಗಳೋ ತಿಂಗಳುಗಳೋ ಕಳೆದ ಮೇಲೆ ಆ ದನಿಗಳು ಮತ್ತೆ ಬರಬಹುದು.

ಪ್ರತಿ ಸಲ ಧಾರವಾಡಕ್ಕೇ ಓಡಬೇಕಾಗಿಲ್ಲ. ಹಳ್ಳಿಯ ಆರೋಗ್ಯ ಕೇಂದ್ರದಲ್ಲೂ ಈ ಚಿಕಿತ್ಸೆ ಕೊಡಬಹುದೆಂದು 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ ಮಾಡಿ ತೋರಿಸಿತ್ತು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಕೊಪ್ಪಳದ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರಿಗೆ ತೋರಿಸಿ, ಧಾರವಾಡದ ಚೀಟಿಗಳನ್ನು ಒಯ್ಯಿರಿ. ರಾತ್ರಿ ಹೊತ್ತು ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಡಾಕ್ಟರ್ ಬಳಿ ಹೋದ ದಿನ ತಮ್ಮನೇ ಮೊದಲು ಒಳಗೆ ಹೋಗಿ ತನ್ನ ಮಾತು ತಾನೇ ಹೇಳಲಿ. ಅವನು ಬಾ ಅಂದರೆ ಆಮೇಲೆ ನೀವು ಹೋಗಿ.