ಓದುಗರ ಪ್ರಶ್ನೆ: ನ್ಯಾಯಾಲಯದಲ್ಲಿ ಮಗುವಿನ ಪರ ನಿಲ್ಲುವವರಿಗೆ ವರ್ಷವರ್ಷವೂ ತರಬೇತಿ ಏಕೆ?

ಪ್ರಶ್ನೆ: ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ನಾನು, ಹೆತ್ತವರ ಮನೆಯಿಂದ ಬೇರ್ಪಟ್ಟು ನ್ಯಾಯಾಲಯದ ರಕ್ಷಣೆಯಲ್ಲಿರುವ ಮಕ್ಕಳ ಪರ ಮಾತನಾಡುವ ‘ಕಾಸಾ’ ಸ್ವಯಂಸೇವಕಿಯಾಗಿ ಪ್ರಮಾಣವಚನ ಸ್ವೀಕರಿಸಿದ್ದೇನೆ. 30 ಗಂಟೆಗಳ ಆರಂಭಿಕ ತರಬೇತಿ ಮುಗಿದಿದೆ. ಇನ್ನು ಮುಂದೆ ಪ್ರತಿ ವರ್ಷ 12 ಗಂಟೆಗಳ ತರಬೇತಿ ಕಡ್ಡಾಯವೆನ್ನುತ್ತಾರೆ. ಉದ್ಯೋಗವಿದೆ, ಇಬ್ಬರು ಮಕ್ಕಳನ್ನು ಬೆಳೆಸಿದ ಅನುಭವವೂ ಇದೆ. ಈ ಗಂಟೆಗಳನ್ನು ಹೇಗೆ ಬಳಸಿಕೊಳ್ಳಬೇಕು? ಪುಸ್ತಕ ಓದಿದರೆ ಸಾಲದೇ?
— ಓದುಗರೊಬ್ಬರು, ಸನ್ನಿವೇಲ್

ಉತ್ತರ: ಮೊದಲಿಗೆ, ನಿಮ್ಮ ಪತ್ರದಲ್ಲಿ ಮಗುವಿನ ಕುರಿತು ಒಂದು ವಿವರವನ್ನೂ ಬರೆಯದಿರುವುದು ಮೆಚ್ಚತಕ್ಕದ್ದು. ಕನ್ನಡ ಕೂಟದ ಆಪ್ತ ಗೆಳತಿಯರ ನಡುವೆಯೂ ಅದೇ ಎಚ್ಚರವಿರಲಿ.

ಈ ವ್ಯವಸ್ಥೆ ಆರಂಭವಾದದ್ದು 1977ರಲ್ಲಿ, ಸಿಯಾಟಲ್‌ನಲ್ಲಿ. ಮಗುವಿನ ಭವಿಷ್ಯವನ್ನು ನಿರ್ಧರಿಸಲು ತಮ್ಮ ಮುಂದಿರುವ ಮಾಹಿತಿ ಸಾಲದೆಂದು ಕಂಡ ನ್ಯಾಯಾಧೀಶ ಡೇವಿಡ್ ಸೂಕಪ್ ಅವರು, ಮಗುವನ್ನು ಖುದ್ದಾಗಿ ಕಂಡು, ಶಾಲೆ, ಮನೆ, ವೈದ್ಯರು ಎಲ್ಲರನ್ನೂ ವಿಚಾರಿಸಿ ವರದಿ ಕೊಡುವ ಸಾಮಾನ್ಯ ನಾಗರಿಕರನ್ನು ನೇಮಿಸುವ ಕ್ರಮವನ್ನು ತಂದರು. ನೀವು ವಕೀಲರೂ ಅಲ್ಲ, ಸಂಬಳ ಪಡೆಯುವ ಸಮಾಜ ಕಾರ್ಯಕರ್ತರೂ ಅಲ್ಲ. ಆದರೂ ನಿಮ್ಮ ಶಿಫಾರಸು ನ್ಯಾಯಾಧೀಶರ ಮೇಜಿನ ಮೇಲಿರುತ್ತದೆ. ಅಷ್ಟು ತೂಕದ ಮಾತಿಗೆ ಆಧಾರ ಬೇಕೆಂದೇ ಕ್ಯಾಲಿಫೋರ್ನಿಯಾದ ನ್ಯಾಯಾಲಯ ನಿಯಮ 5.655 ಆರಂಭಿಕ ತರಬೇತಿಯ ಜೊತೆಗೆ ಮುಂದುವರಿದ ಶಿಕ್ಷಣವನ್ನೂ ವಿಧಿಸುತ್ತದೆ.

ಆ 30 ಗಂಟೆಗಳನ್ನು ನೀವು ಕಲಿತದ್ದು ಮಗು ಯಾರೆಂದು ತಿಳಿಯುವ ಮೊದಲು. ಈಗ ಮಗು ಗೊತ್ತಿದೆ. ಆದ್ದರಿಂದ ಬಿಡುವು ಸಿಕ್ಕ ದಿನ ಯಾವ ತರಗತಿ ಇದೆಯೋ ಅದಕ್ಕೆ ಹೋಗಿ ಗಂಟೆ ತುಂಬಿಸಬೇಡಿ. ಮಗುವಿನ ಕಡತವನ್ನು ಮುಂದಿಟ್ಟುಕೊಂಡು ವಿಷಯವನ್ನು ಆರಿಸಿ. ತಾಯಿ ಮಾದಕ ವಸ್ತುವಿನ ಚಟದಿಂದ ಹೊರಬರಲು ಚಿಕಿತ್ಸೆಯಲ್ಲಿದ್ದಾರೆ ಎಂದುಕೊಳ್ಳೋಣ. ಚೇತರಿಕೆಯ ಹಾದಿಯಲ್ಲಿ ಮರುಕಳಿಕೆ ಸಾಮಾನ್ಯವೆಂಬುದನ್ನು ಅರಿಯದವರು, ಒಂದು ಮೂತ್ರ ಪರೀಕ್ಷೆಯಲ್ಲಿ ಮಾದಕ ವಸ್ತು ಪತ್ತೆಯಾದ ಕೂಡಲೇ ಆಕೆಗೆ ಮಗುವೇ ಬೇಕಿಲ್ಲವೆಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಇನ್ನೊಂದೆಡೆ ಕಾನೂನಿನ ಗಡಿಯಾರವೂ ನಿಲ್ಲುವುದಿಲ್ಲ. ಮನೆಯಿಂದ ಬೇರ್ಪಡಿಸುವಾಗ ಮಗುವಿಗೆ ಮೂರು ವರ್ಷ ತುಂಬಿರದಿದ್ದರೆ, ಕುಟುಂಬವನ್ನು ಮತ್ತೆ ಕೂಡಿಸುವ ಸೇವೆಗಳಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ದೊಡ್ಡ ಮಗುವಾದರೆ ಒಂದು ವರ್ಷ. ಚೇತರಿಕೆಯ ನಿಧಾನವನ್ನೂ ಕಾನೂನಿನ ಅವಸರವನ್ನೂ ಒಟ್ಟಿಗೆ ಬಲ್ಲವರು ಮಾತ್ರ ನ್ಯಾಯವಾದ ವರದಿ ಬರೆಯಬಲ್ಲರು.

ಮನೋವೈದ್ಯಕೀಯ ಔಷಧಿ ಕೊಡುವ ಪ್ರಸ್ತಾಪ ಬಂದಿದ್ದರೆ ಜೆವಿ-220 ಎಂಬ ಅರ್ಜಿಯ ಕ್ರಮವನ್ನು ತಿಳಿದುಕೊಳ್ಳಿ. ಇಂಥ ಮಕ್ಕಳ ವಿಷಯದಲ್ಲಿ ಸಾಮಾನ್ಯವಾಗಿ ನ್ಯಾಯಾಧೀಶರ ಅನುಮತಿಯಿಲ್ಲದೆ ಆ ಔಷಧಿ ಕೊಡುವಂತಿಲ್ಲ. ಮಗು ಮೂಲನಿವಾಸಿ ಬುಡಕಟ್ಟಿಗೆ ಸೇರಿದ್ದರೆ 1978ರ ಪ್ರತ್ಯೇಕ ಕಾಯ್ದೆಯೊಂದು ಅನ್ವಯಿಸುತ್ತದೆ. ಬಂಧುಗಳಿಗೂ ಬುಡಕಟ್ಟಿಗೂ ಆದ್ಯತೆ ಕೊಡುವ ಆ ಕಾಯ್ದೆಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ಎತ್ತಿಹಿಡಿಯಿತು. ಹದಿಹರೆಯದವರಾದರೆ, 21 ವರ್ಷದವರೆಗೆ ನೆರವು ಮುಂದುವರಿಯಬಹುದೆಂಬುದನ್ನು ನೀವೇ ಅವರಿಗೆ ತಿಳಿಸಬೇಕಾಗಿ ಬರಬಹುದು.

ಇನ್ನು ಮಕ್ಕಳನ್ನು ಬೆಳೆಸಿದ ನಿಮ್ಮ ಅನುಭವ. ಅದರಿಂದ ಬರುವ ತಾಳ್ಮೆ ದೊಡ್ಡ ಆಸ್ತಿ. ಆದರೆ ನನ್ನ ದೃಷ್ಟಿಯಲ್ಲಿ ಮುಂದುವರಿದ ತರಬೇತಿಯ ಅತಿ ಮುಖ್ಯ ಕೆಲಸ ಇರುವುದೂ ಇಲ್ಲಿಯೇ. ಅಚ್ಚುಕಟ್ಟಾದ ಮನೆ, ಹೊತ್ತಿಗೆ ಸರಿಯಾದ ಊಟ, ಪಾಠದ ಮೇಲೆ ಹಿರಿಯರ ನಿಗಾ, ಒಳ್ಳೆಯ ಅಂಕಗಳು: ನಮ್ಮಲ್ಲಿ ಬಹಳ ಮಂದಿಗೆ ಒಳ್ಳೆಯ ಬಾಲ್ಯವೆಂದರೆ ಇದೇ. ಮಗುವನ್ನು ಸದ್ಯಕ್ಕೆ ಸಾಕುತ್ತಿರುವ ಫಾಸ್ಟರ್ ಮನೆಯಲ್ಲಿ ಇವೆಲ್ಲ ಇದ್ದು, ತಾಯಿಯ ಬಾಡಿಗೆ ಕೋಣೆಯಲ್ಲಿ ಇಲ್ಲದಿದ್ದಾಗ, ಮಗು ಇದ್ದಲ್ಲಿಯೇ ಇರಲಿ ಎಂದು ಮನಸ್ಸು ಹೇಳುತ್ತದೆ. ಕಾನೂನು ಕೇಳುವುದು ಬೇರೆ ಪ್ರಶ್ನೆ. ಎರಡು ಮನೆಗಳಲ್ಲಿ ಯಾವುದು ಮೇಲು ಎಂದಲ್ಲ, ಹೆತ್ತವರ ಮನೆಗೆ ಮರಳಿದರೆ ಮಗುವಿಗೆ ಗಣನೀಯ ಅಪಾಯವಿದೆಯೇ ಎಂದು. ಬಡತನವನ್ನು ನಿರ್ಲಕ್ಷ್ಯವೆಂದು ಓದಿಕೊಳ್ಳುವ ತಪ್ಪು ಒಳ್ಳೆಯ ಮನಸ್ಸಿನವರಿಂದಲೇ ಆಗುತ್ತದೆ, ಅದರ ಬೆಲೆಯನ್ನು ತೆರುವುದು ಮಗು. ಆದ್ದರಿಂದ ಪೂರ್ವಗ್ರಹ ಮತ್ತು ಸಾಂಸ್ಕೃತಿಕ ಭಿನ್ನತೆಯ ಕುರಿತ ತರಗತಿಯೊಂದಕ್ಕೆ, ಕಳೆದ ವರ್ಷ ಹೋಗಿದ್ದರೂ, ಈ ವರ್ಷವೂ ಹೋಗಿ ಎಂದು ಒತ್ತಾಯಿಸುತ್ತೇನೆ.

ಪುಸ್ತಕ, ಸಾಕ್ಷ್ಯಚಿತ್ರ, ಆನ್‌ಲೈನ್ ಉಪನ್ಯಾಸಗಳು ಎಷ್ಟರಮಟ್ಟಿಗೆ ಲೆಕ್ಕಕ್ಕೆ ಬರುತ್ತವೆ ಎಂಬುದು ನಿಮ್ಮ ಕೌಂಟಿಯ ಕಾರ್ಯಕ್ರಮವನ್ನು ಅವಲಂಬಿಸಿದೆ. ಮೊದಲೇ ಸೂಪರ್‌ವೈಸರ್ ಅವರನ್ನು ಕೇಳಿ. ಆದರೆ ಓದಿನಿಂದ ಸಿಗದ ಒಂದು ಸಂಗತಿಯಿದೆ: ಇತರ ಸ್ವಯಂಸೇವಕರು ಅದೇ ಸನ್ನಿವೇಶವನ್ನು ನಿಮಗಿಂತ ಭಿನ್ನವಾಗಿ ಅಳೆಯುವುದನ್ನು ಎದುರು ಕುಳಿತು ಕೇಳುವುದು. ಹಾಗೆಯೇ ಮಕ್ಕಳ ನೋವನ್ನು ಕೇಳುತ್ತ ಕೇಳುತ್ತ ನಿಮಗೇ ನಿದ್ದೆ ಕೆಡುವಂತಾದರೆ, ಅದನ್ನು ನಿಭಾಯಿಸುವ ತರಗತಿಗಳೂ ಇರುತ್ತವೆ, ಸಂಕೋಚಪಡಬೇಡಿ.

ಪ್ರಶ್ನೆ: ಕರ್ನಾಟಕದಲ್ಲಿ ಇಂಥ ಸ್ವಯಂಸೇವೆಗೆ ಅವಕಾಶವಿದೆಯೇ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಇದಕ್ಕೆ ಹತ್ತಿರದ್ದು ಪೋಕ್ಸೊ ನಿಯಮಗಳು, 2020ರಲ್ಲಿ ಬರುವ ಬೆಂಬಲ ವ್ಯಕ್ತಿಯ ಪಾತ್ರ. ಲೈಂಗಿಕ ದೌರ್ಜನ್ಯಕ್ಕೊಳಗಾದ ಮಗುವಿಗೆ ತನಿಖೆ ಮತ್ತು ವಿಚಾರಣೆಯ ಉದ್ದಕ್ಕೂ ಜೊತೆಯಾಗಿ ನಿಲ್ಲುವ ಈ ವ್ಯಕ್ತಿಯನ್ನು ಮಕ್ಕಳ ಕಲ್ಯಾಣ ಸಮಿತಿ ನೇಮಿಸುತ್ತದೆ ಮತ್ತು ವಿಚಾರಣೆ ಮುಗಿಯುವವರೆಗೆ ಪ್ರತಿ ತಿಂಗಳು ಮಗುವಿನ ಸ್ಥಿತಿಗತಿಯ ವರದಿ ಪಡೆಯುತ್ತದೆ. ಮಗು ಎಲ್ಲಿ ಬೆಳೆಯಬೇಕೆಂದು ನ್ಯಾಯಾಲಯಕ್ಕೆ ಶಿಫಾರಸು ಮಾಡುವ ಕೆಲಸ ಇದಲ್ಲ. ಬೆಂಬಲ ವ್ಯಕ್ತಿಗಳ ಪಟ್ಟಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ನಿರ್ವಹಿಸುತ್ತದೆ. ಮಕ್ಕಳ ಹಕ್ಕು ಅಥವಾ ರಕ್ಷಣೆಯ ಕ್ಷೇತ್ರದಲ್ಲಿ ಕೆಲಸ ಮಾಡಿದವರನ್ನು ಪರಿಗಣಿಸುವುದರಿಂದ, ಅಂಥದೊಂದು ಸಂಸ್ಥೆಯ ಜೊತೆ ಮೊದಲು ಕೆಲಸ ಕಲಿತು, ಬಳಿಕ ಆ ಕಚೇರಿಯನ್ನು ಸಂಪರ್ಕಿಸಿ.