ದಾವಣಗೆರೆಯ ಗಿರಣಿ ಕಾರ್ಮಿಕರ ಗುರುತು ಎಲ್ಲಿದೆ?

ಗಿರಣಿ ಕಾರ್ಮಿಕರ ಗುರುತು ಊರಲ್ಲಿ ಏನಾದರೂ ಉಳಿದಿದೆಯಾ ಅಂತ ಕೇಳಿದ್ದೀರಿ. ಖಂಡಿತ ಇದೆ. ಡಿಸಿಎಂ ಟೌನ್‌ಶಿಪ್ ಅನ್ನೋ ಬಡಾವಣೆಯ ಹೆಸರನ್ನೇ ನೋಡಿ, ಅದು ದಾವಣಗೆರೆ ಕಾಟನ್ ಮಿಲ್‌ನಿಂದ ಬಂದದ್ದು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾದ ಊರಿದು. ಆ ಹೆಸರು ತಂದವರು ಪಾಳಿಯಲ್ಲಿ ದುಡಿದ ಜನ. ಅವರ ಒಗ್ಗಟ್ಟು ಎಷ್ಟಿತ್ತೆಂದರೆ, ಕಾರ್ಮಿಕ ನಾಯಕ ಪಂಪಾಪತಿಯವರು 1978, 1983, 1985ರಲ್ಲಿ ಸತತ ಮೂರು ಸಲ ಕಮ್ಯುನಿಸ್ಟ್ ಪಕ್ಷವಾದ ಸಿಪಿಐನಿಂದ ಇಲ್ಲಿನ ಶಾಸಕರಾದರು. ವ್ಯಾಪಾರಿಗಳ ಊರಲ್ಲಿ ಇದು ಸಣ್ಣ ಮಾತಲ್ಲ ಅಲ್ವಾ?

ಗಿರಣಿಗಳ ಸದ್ದು ಅಡಗಿತು, ಆದರೆ ಊರಿನ ಮಂಡಕ್ಕಿ ಭಟ್ಟಿಗಳ ಬೆಂಕಿ ಆರಲಿಲ್ಲ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಕಾದ ಮರಳಲ್ಲಿ ಹುರಿಯಬೇಕು. ಹೊಗೆ, ಬಿಸಿ ಎರಡೂ ಜಾಸ್ತಿ. ನಾವು ಮಿರ್ಚಿ ಜೊತೆ ತಿನ್ನೋ ಮಂಡಕ್ಕಿಯ ಹಿಂದಿರುವ ಈ ದುಡಿಮೆಯನ್ನು ಯಾರಾದರೂ ಬೇಗ ಬರೆದಿಡಬೇಕು. ನೀವು ಬರೆಯೋದಾದರೆ ಮೊದಲು ಅಲ್ಲಿನ ಹಿರಿಯರನ್ನು ಮಾತಾಡಿಸಿ.