ಪ್ಲೇಟ್‌ಲೆಟ್ ಹೆಚ್ಚಿಸಿದರೆ ಲಿವರ್ ಚೇತರಿಸಿಕೊಳ್ಳುವುದೇ?

ಪ್ರಶ್ನೆ: ನನ್ನ ತಂದೆಯವರಿಗೆ 58 ವರ್ಷ. ಲಿವರ್ ಸಿರೋಸಿಸ್ (ಲಿವರ್‌ನಲ್ಲಿ ಗಾಯದ ನಾರು ತುಂಬಿ ಅದು ಗಟ್ಟಿಯಾಗುವ ಕಾಯಿಲೆ) ಇದೆ. ಈಚಿನ ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣಗಳು) 72 ಸಾವಿರಕ್ಕೆ ಇಳಿದಿದೆ. ಲಿವರ್ ದುರಸ್ತಿಯಲ್ಲಿ ಪ್ಲೇಟ್‌ಲೆಟ್‌ಗಳ ಪಾತ್ರ ದೊಡ್ಡದು ಎಂದು ಓದಿದ್ದೇನೆ. ಪ್ಲೇಟ್‌ಲೆಟ್ ಹಾಕಿಸಿದರೆ ಅಥವಾ ಪಪ್ಪಾಯಿ ಎಲೆಯ ರಸ ಕುಡಿಸಿದರೆ ಅವರು ಗುಣಮುಖರಾಗುವರೇ?
– ಓದುಗರು, ಹಾಸನ

ಉತ್ತರ: ನೀವು ಓದಿದ್ದು ನಿಜ, ಆದರೆ ಅದು ನಿಮ್ಮ ತಂದೆಯವರ ಸ್ಥಿತಿಗೆ ಹಾಗೆಯೇ ಅನ್ವಯಿಸುವುದಿಲ್ಲ. ಆರೋಗ್ಯವಂತ ಲಿವರ್‌ನ ಒಂದು ಭಾಗವನ್ನು ಕತ್ತರಿಸಿ ತೆಗೆದಾಗ, ಉಳಿದ ಭಾಗದಲ್ಲಿ ಬೇಗನೆ ಜಮೆಯಾಗುವ ಪ್ಲೇಟ್‌ಲೆಟ್‌ಗಳು ತಮ್ಮೊಳಗಿನ ಸೆರೊಟೋನಿನ್ ಎಂಬ ರಾಸಾಯನಿಕ ಮತ್ತು ಬೆಳವಣಿಗೆಯ ಅಂಶಗಳನ್ನು ಬಿಡುಗಡೆ ಮಾಡಿ, ಜೀವಕೋಶಗಳ ವಿಭಜನೆಗೆ ನೆರವಾಗುತ್ತವೆ. ಜ್ಯೂರಿಕ್‌ನ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪ್ಲೇಟ್‌ಲೆಟ್ ಕಡಿಮೆ ಮಾಡಿದ ಇಲಿಗಳ ಲಿವರ್ ಸರಿಯಾಗಿ ಬೆಳೆಯಲಿಲ್ಲ. ಸೆರೊಟೋನಿನ್‌ನಂತೆಯೇ ಕೆಲಸ ಮಾಡುವ ಔಷಧ ಕೊಟ್ಟಾಗ ಬೆಳವಣಿಗೆ ಮರಳಿತು.

ಸಿರೋಸಿಸ್‌ನಲ್ಲಿ ಪರಿಸ್ಥಿತಿಯೇ ಬೇರೆ. ವರ್ಷಗಟ್ಟಲೆ ಉರಿಯೂತವಿರುವ ಲಿವರ್‌ನಲ್ಲಿ ಇದೇ ಪ್ಲೇಟ್‌ಲೆಟ್‌ಗಳು ಗಾಯದ ನಾರನ್ನು ಹೆಚ್ಚಿಸುವ ವಸ್ತುಗಳನ್ನೂ ಬಿಡುಗಡೆ ಮಾಡಬಲ್ಲವು. ಜೊತೆಗೆ, 72 ಸಾವಿರ ಎಂಬ ಸಂಖ್ಯೆ ಲಿವರ್ ಕೆಟ್ಟಿರುವುದರ ಪರಿಣಾಮವೇ ಹೊರತು ಕಾರಣವಲ್ಲ. ರಕ್ತದಲ್ಲಿ ಸಾಮಾನ್ಯವಾಗಿ ಮೈಕ್ರೋಲೀಟರ್‌ಗೆ ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುವ ಪ್ಲೇಟ್‌ಲೆಟ್‌ಗಳಲ್ಲದೆ, ಒಟ್ಟು ಸಂಗ್ರಹದ ಸುಮಾರು ಮೂರನೇ ಒಂದು ಭಾಗ ಗುಲ್ಮದಲ್ಲಿ (ಸ್ಪ್ಲೀನ್) ಇರುತ್ತದೆ. ಗಟ್ಟಿಯಾದ ಲಿವರ್‌ನೊಳಗೆ ರಕ್ತ ಸರಾಗವಾಗಿ ಹರಿಯದೆ, ಕರುಳು ಮತ್ತು ಗುಲ್ಮದಿಂದ ಲಿವರ್‌ಗೆ ರಕ್ತ ತರುವ ಪೋರ್ಟಲ್ ರಕ್ತನಾಳದ ಒತ್ತಡ ಏರಿದಾಗ ಗುಲ್ಮ ಊದಿಕೊಂಡು ಇನ್ನೂ ಹೆಚ್ಚು ಪ್ಲೇಟ್‌ಲೆಟ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಸ್ಥಿಮಜ್ಜೆಗೆ ಪ್ಲೇಟ್‌ಲೆಟ್ ತಯಾರಿಸುವಂತೆ ಸೂಚಿಸುವ ಥ್ರಾಂಬೊಪೊಯೆಟಿನ್ ಹಾರ್ಮೋನು ಮುಖ್ಯವಾಗಿ ಲಿವರ್‌ನಲ್ಲೇ ಉತ್ಪತ್ತಿಯಾಗುವುದರಿಂದ ಅದೂ ಕುಂದುತ್ತದೆ.

ಹೊರಗಿನಿಂದ ಹಾಕಿದ ಪ್ಲೇಟ್‌ಲೆಟ್‌ಗಳಲ್ಲೂ ಬಹುಪಾಲು ಅದೇ ಗುಲ್ಮ ಸೇರುತ್ತವೆ, ಉಳಿದವು ಕೆಲವೇ ದಿನ ಬಾಳುತ್ತವೆ. ಆದ್ದರಿಂದ ರಕ್ತಸ್ರಾವವಿಲ್ಲದಿದ್ದರೆ ಕೇವಲ ಸಂಖ್ಯೆ ನೋಡಿ ಅವನ್ನು ಕೊಡುವುದಿಲ್ಲ. ಪಪ್ಪಾಯಿ ಎಲೆಯ ರಸವನ್ನು ನಮ್ಮಲ್ಲಿ ಡೆಂಗಿಗೆ ಬಳಸುವುದುಂಟು, ಆದರೆ ಡೆಂಗಿಯಲ್ಲಿ ರೋಗಿ ಚೇತರಿಸಿಕೊಂಡಂತೆ ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ಸಿರೋಸಿಸ್‌ನ ಲಿವರ್ ಅದರಿಂದ ದುರಸ್ತಿಯಾಗುತ್ತದೆ ಎನ್ನಲು ಆಧಾರವಿಲ್ಲ. ದಯವಿಟ್ಟು ಅದನ್ನು ನೆಚ್ಚಿಕೊಂಡು ಚಿಕಿತ್ಸೆ ನಿಲ್ಲಿಸಬೇಡಿ.

ನಿಮ್ಮ ಗಮನ ಮೂಲ ಕಾರಣದ ಮೇಲಿರಲಿ. ಮದ್ಯದ ಅಭ್ಯಾಸವಿದ್ದರೆ ಸಂಪೂರ್ಣ ಬಿಡಬೇಕು, ಹೆಪಟೈಟಿಸ್ ಬಿ ಮತ್ತು ಸಿ ಪರೀಕ್ಷೆ ಆಗಿರಬೇಕು. ಪ್ಲೇಟ್‌ಲೆಟ್ ಇಷ್ಟು ಇಳಿದಿರುವಾಗ ಅನ್ನನಾಳದ ರಕ್ತನಾಳಗಳು ಉಬ್ಬಿರುವ ಸಾಧ್ಯತೆ ಇರುವುದರಿಂದ ಎಂಡೋಸ್ಕೋಪಿಯ ಬಗ್ಗೆ ವೈದ್ಯರನ್ನು ಕೇಳಿ. ಮೈಕೈ ನೋವಿಗೆಂದು ಡೈಕ್ಲೋಫಿನಾಕ್, ಐಬುಪ್ರೊಫೆನ್ ಮಾತ್ರೆಗಳನ್ನು ಅಂಗಡಿಯಿಂದ ತಂದು ಕೊಡಬೇಡಿ. ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಈ ವರದಿ ತೋರಿಸಿ. ಮಲ ಡಾಂಬರಿನಂತೆ ಕಪ್ಪಾದರೆ ಅಥವಾ ರಕ್ತವಾಂತಿಯಾದರೆ ಬೆಳಗಾಗಲೆಂದು ಕಾಯದೆ ತಕ್ಷಣ ತುರ್ತು ಚಿಕಿತ್ಸಾ ಘಟಕಕ್ಕೆ ಕರೆದೊಯ್ಯಿರಿ.